ಹಿಮದ ನಾಡಿನಲ್ಲಿ ಹಸಿರು ಪರದೆ

ನಮ್ಮ ತವರಿನ ಹಿತ್ತಲಿಗೆ ಮದರಂಗಿ ಗಿಡಗಳದ್ದೇ ಬೇಲಿ. ಅದರ ಮರೆಯಲ್ಲಿ ಮನೆಯ ಹೆಂಗಸರು ಸೆರಗಿನ ಚಿಂತೆಯಿಲ್ಲದೆ ಕುಳಿತು ಅಕ್ಕಿ ಆರಿಸುತ್ತಿದ್ದರು, ಮಕ್ಕಳ ತಲೆ ಬಾಚುತ್ತಿದ್ದರು. ಬೇಲಿ ಎಂದರೆ ದನ ಕರುಗಳನ್ನು ತಡೆಯಲು ಮಾತ್ರ ಅಲ್ಲವಷ್ಟೆ!

ಕೆನಡಾದ ಒಂಟಾರಿಯೋದಲ್ಲಿ ನೆಲೆಸಿರುವ ನನ್ನ ಅಕ್ಕನ ಮಗಳಿಗೆ ಕಾಡಿದ್ದೂ ಈ ಮರೆಯ ಕೊರತೆಯೇ. ಹೊಸ ಬಡಾವಣೆಯ ಮನೆ, ಹಿಂದೆ ಚಿಕ್ಕ ಅಂಗಳ. ಆದರೆ ನಾಲ್ಕು ಮನೆಗಳ ಕಿಟಕಿಗಳು ಅದರತ್ತಲೇ ಮುಖ ಮಾಡಿವೆ. ಅಲ್ಲಿ ಹೆಚ್ಚಿನ ಮರಗಳು ಚಳಿಗಾಲಕ್ಕೆ ಎಲೆ ಉದುರಿಸಿ ಬೋಳಾಗುವುದರಿಂದ, ವರ್ಷವಿಡೀ ಮರೆ ಬೇಕೆನ್ನುವವರು ನಿತ್ಯಹಸಿರಿನ ಗಿಡವನ್ನೇ ಆರಿಸಬೇಕು. ಅವಳು ಆರಿಸಿದ್ದು ಅಲ್ಲಿಯದೇ ಕಾಡಿನ ವೈಟ್ ಸೀಡರ್. ನಮ್ಮ ಉದ್ಯಾನಗಳಲ್ಲಿ ಕಾಣುವ ಥೂಜಾ ಗಿಡದ ಹತ್ತಿರದ ಸಂಬಂಧಿ. ನಾಲ್ಕು ಅಡಿ ಎತ್ತರದ ಹನ್ನೆರಡು ಗಿಡಗಳನ್ನು ಸಾಲಾಗಿ ನೆಟ್ಟಳು. ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಎಂಟು ಗಿಡಗಳು ಕಂದು ಬಣ್ಣಕ್ಕೆ ತಿರುಗಿದ್ದವು.

"ಖಾಲಾ, ಚಳಿಗೆ ಎಲ್ಲ ಸತ್ತು ಹೋದವು" ಎಂದು ಫೋನಿನಲ್ಲಿ ಅಳುವುದೊಂದೇ ಬಾಕಿ.

ಆದರೆ ಈ ಮರ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯನ್ನೂ ತಾಳಬಲ್ಲದು. ಒಂಟಾರಿಯೋದ ನಯಾಗರಾ ಬಂಡೆಸಾಲಿನ ಬಿರುಕುಗಳಲ್ಲಿ ಸಾವಿರ ವರ್ಷ ದಾಟಿದ ಸೀಡರ್‌ಗಳಿವೆ. 1535-36ರ ಚಳಿಗಾಲದಲ್ಲಿ ಫ್ರೆಂಚ್ ನಾವಿಕ ಜಾಕ್ ಕಾರ್ಟಿಯೇನ ಜನರು ಸ್ಕರ್ವಿ ರೋಗದಿಂದ ಸಾಯುತ್ತಿದ್ದಾಗ, ಅಲ್ಲಿನ ಮೂಲನಿವಾಸಿಗಳು ಒಂದು ಮರದ ಕಷಾಯ ಕುಡಿಸಿ ಬದುಕಿಸಿದರು. ಆ ಮರ ಇದೇ ಇರಬೇಕೆಂದು ಹಲವರ ಅಭಿಪ್ರಾಯ. (ನೀವು ಕಷಾಯ ಮಾಡಲು ಹೋಗಬೇಡಿ, ಅದರ ಎಲೆಯಲ್ಲಿ ವಿಷಾಂಶವೂ ಇದೆ.)

ಹಾಗಾದರೆ ಗಿಡಗಳು ಒಣಗಿದ್ದೇಕೆ? ಬಾಯಾರಿಕೆಯಿಂದ! ನಿತ್ಯಹಸಿರಿನ ಎಲೆ ಚಳಿಗಾಲದಲ್ಲೂ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ. ಫೆಬ್ರವರಿ, ಮಾರ್ಚ್‌ನ ಬಿಸಿಲು ಮತ್ತು ಒಣಗಾಳಿ ಎಲೆಯ ತೇವವನ್ನು ಹೀರುತ್ತವೆ. ಕೆಳಗೆ ಮಣ್ಣು ಹೆಪ್ಪುಗಟ್ಟಿರುವಾಗ ಬೇರು ನೀರೆತ್ತುವುದಾದರೂ ಹೇಗೆ? ಸುತ್ತ ಮೊಣಕಾಲುದ್ದ ಹಿಮವಿದ್ದರೂ ಗಿಡ ನೀರಿಲ್ಲದೆ ಒಣಗುತ್ತದೆ. ದಕ್ಷಿಣ ಮತ್ತು ಪಶ್ಚಿಮಕ್ಕೆ ಮುಖ ಮಾಡಿದ ಭಾಗವೇ ಮೊದಲು ಕಂದಾಗುವುದು ಇದೇ ಕಾರಣಕ್ಕೆ.

ಅವಳು ಮಾಡಿದ ತಪ್ಪು ಇಷ್ಟೇ. ಸೆಪ್ಟೆಂಬರ್‌ನಲ್ಲಿ ಸೆಖೆ ಇಳಿಯುತ್ತಲೇ ನೀರಿನ ಪೈಪು ಸುತ್ತಿಟ್ಟುಬಿಟ್ಟಿದ್ದಳು. ನೆಟ್ಟ ಮೊದಲ ಎರಡು ಮೂರು ವರ್ಷ ಮಳೆ ಸಾಲದಿದ್ದರೆ, ನೆಲ ಗಡ್ಡೆಕಟ್ಟುವವರೆಗೂ ಬುಡಕ್ಕೆ ನಿಧಾನವಾಗಿ, ಆಳಕ್ಕೆ ಇಳಿಯುವಂತೆ ನೀರುಣಿಸಬೇಕು. ಮೇಲೆ ಚಿಮುಕಿಸಿದರೆ ಪ್ರಯೋಜನವಿಲ್ಲ. ಬುಡದ ಸುತ್ತ ಎರಡು ಮೂರು ಇಂಚು ಮರದ ಚಕ್ಕೆ ಹರಡಬೇಕು, ಕಾಂಡಕ್ಕೆ ಮಾತ್ರ ತಾಗಬಾರದು. ಗಾಳಿ ಬೀಸುವ ಕಡೆ ಗೂಟ ನೆಟ್ಟು ಗೋಣಿತಾಟು ಕಟ್ಟಿದರೆ ಎಳೆಯ ಗಿಡಕ್ಕೆ ದೊಡ್ಡ ರಕ್ಷಣೆ. ಪ್ಲಾಸ್ಟಿಕ್ ಬೇಡವೇ ಬೇಡ, ಬಿಸಿಲಿಗೆ ಒಳಗೆ ಬೆಂದು ಹೋಗುತ್ತದೆ. ರಸ್ತೆಯ ಮಂಜು ಕರಗಿಸಲು ಹಾಕುವ ಉಪ್ಪು ಕೂಡ ಈ ಗಿಡಕ್ಕೆ ಶತ್ರು.

ಕಂದಾದ ಗಿಡವನ್ನು ಅವಸರದಿಂದ ಕಿತ್ತೆಸೆಯಬಾರದು. ಉಗುರಿನಿಂದ ತೊಗಟೆ ಗೀರಿದಾಗ ಹಸಿರು ಕಂಡರೆ ಜೀವವಿದೆ ಎಂದರ್ಥ. ಅವಳು ಜೂನ್‌ವರೆಗೆ ಕಾದಳು. ಎಂಟರಲ್ಲಿ ಐದು ಚಿಗುರಿದವು, ಮೂರನ್ನು ಬದಲಿಸಬೇಕಾಯಿತು. ಕತ್ತರಿಸುವಾಗಲೂ ಎಚ್ಚರ ಬೇಕು. ಎಲೆಯಿಲ್ಲದ ಒಳಗಿನ ಒಣಕಡ್ಡಿಯವರೆಗೆ ಕತ್ತರಿಸಿದರೆ ಅಲ್ಲಿ ಮತ್ತೆ ಚಿಗುರುವುದು ತೀರಾ ಕಷ್ಟ. ಬುಡ ಅಗಲವಾಗಿ, ತುದಿ ಕಿರಿದಾಗಿರುವಂತೆ ಸವರಿದರೆ ಕೆಳಗಿನ ಎಲೆಗೂ ಬೆಳಕು ಸಿಗುತ್ತದೆ.

ಗಿಡದಿಂದ ಗಿಡಕ್ಕೆ ಎರಡರಿಂದ ಮೂರು ಅಡಿ ಅಂತರ ಸಾಕು. ಆದರೆ ಗಡಿಗೆ ಒತ್ತಿ ನೆಡಬೇಡಿ. ಮರ ದಪ್ಪವಾಗಿ ಪಕ್ಕದ ಅಂಗಳಕ್ಕೆ ಚಾಚುತ್ತದೆ, ಅವರ ಬಿಸಿಲನ್ನೂ ಕಸಿಯುತ್ತದೆ. ಚಳಿದೇಶದಲ್ಲಿ ಬಿಸಿಲು ಎಷ್ಟು ದೊಡ್ಡ ಅನುಗ್ರಹವೆಂದು ಅಲ್ಲಿದ್ದವರಿಗೇ ಗೊತ್ತು. ನಮ್ಮ ಪರ್ದಾಕ್ಕಾಗಿ ನೆರೆಯವರ ಹಕ್ಕು ಮೊಟಕಾಗಬಾರದಲ್ಲವೇ? ಇಂಗ್ಲೆಂಡಿನಲ್ಲಂತೂ ಎತ್ತರದ ನಿತ್ಯಹಸಿರು ಬೇಲಿಗಳ ಜಗಳ ಎಷ್ಟು ಬೆಳೆಯಿತೆಂದರೆ, 2003ರ ಕಾಯಿದೆಯಲ್ಲಿ ಅದಕ್ಕೆಂದೇ ಒಂದು ಭಾಗ ಸೇರಿಸಬೇಕಾಯಿತು. ಎರಡು ಮೀಟರ್ ಮೀರಿದ ಬೇಲಿಯ ಬಗ್ಗೆ ನೆರೆಯವರು ದೂರು ಕೊಡಬಹುದು. ನಮ್ಮ ಹುಡುಗಿ ನೆಡುವ ಮುನ್ನವೇ ಪಕ್ಕದ ಮನೆಯ ಅಜ್ಜಿಯ ಬಳಿ ಹೋಗಿ ಹೇಳಿ, ಮೂರು ಅಡಿ ಒಳಗೆ ನೆಟ್ಟಿದ್ದಳು. ಮರುವರ್ಷ ಶರತ್ಕಾಲದಲ್ಲಿ "ನೀರು ಹಾಕಿದೆಯಾ?" ಎಂದು ಬೇಲಿಯಾಚೆಯಿಂದ ನೆನಪಿಸಿದ್ದೂ ಅದೇ ಅಜ್ಜಿ.

ಈ ಗಿಡ ವರ್ಷಕ್ಕೆ ಹೆಚ್ಚೆಂದರೆ ಒಂದು ಅಡಿ ಬೆಳೆಯುತ್ತದೆ. ಈಗ ಮೂರನೆಯ ವರ್ಷ. ಹಿಮ ಬಿದ್ದಾಗ ಗುಬ್ಬಚ್ಚಿಗಳು ಅದರೊಳಗೆ ಅಡಗಿ ಕೂರುತ್ತವಂತೆ.

"ಚಾಪೆ ಹಾಸಿ ಕೂತರೆ ಯಾರಿಗೂ ಕಾಣಿಸೋದಿಲ್ಲ ಖಾಲಾ" ಎಂದಳು ಮೊನ್ನೆ. "ಎದ್ದು ನಿಂತರೆ ಮಾತ್ರ ಕಾಣಿಸ್ತೀನಿ. ಇನ್‌ಶಾ ಅಲ್ಲಾಹ್, ಇನ್ನೆರಡು ವರ್ಷ."