ಅಳು ನಿಲ್ಲಿಸಿದ ಮಗು

ಎಳೆಯ ಮಕ್ಕಳಿಗೂ ಮನೋವ್ಯಥೆಯುಂಟೆಂದರೆ ನಂಬುವವರು ಇಂದಿಗೂ ವಿರಳ. ಹಸಿವು, ಹೊಟ್ಟೆನೋವು, ಹಲ್ಲು ಬರುವ ಸಂಕಟ, ಹೆಚ್ಚೆಂದರೆ ದೃಷ್ಟಿ ತಾಕಿರುವುದು, ಕೂಸಿನ ಅಳುವಿಗೆ ನಾವು ಒಪ್ಪುವ ಕಾರಣಗಳು ಇಷ್ಟೇ. ಅಳು ನಿಂತಿತೆಂದರೆ ಸಂಕಟವೂ ಕಳೆಯಿತೆಂದು ನಿಶ್ಚಿಂತರಾಗುತ್ತೇವೆ. ಈ ನಿಶ್ಚಿಂತೆ ಎಂತಹ ಭ್ರಮೆಯಾಗಿರಬಹುದೆಂಬುದನ್ನು 1952ರಲ್ಲಿ ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ ಎಂಬವರು ತಾವೇ ತೆಗೆದ ಒಂದು ಚಲನಚಿತ್ರದ ಮೂಲಕ ವೈದ್ಯಲೋಕದ ಕಣ್ಣಮುಂದಿಟ್ಟರು.

ಆ ಕಾಲದ ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ಮಕ್ಕಳ ವಾರ್ಡಿಗೆ ತಾಯ್ತಂದೆಯರು ಗೊತ್ತಾದ ಗಳಿಗೆಯಲ್ಲಿ ಮಾತ್ರ ಬಂದುಹೋಗಬೇಕಾಗಿತ್ತು. ಅಮ್ಮ ಬಂದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ, ಆದುದರಿಂದ ಬಾರದಿರುವುದೇ ಲೇಸೆಂಬುದು ಅಲ್ಲಿಯವರ ತರ್ಕ. ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿ ಮನೋವೈದ್ಯ ಜಾನ್ ಬೌಲ್ಬಿಯವರೊಡನೆ ಕೆಲಸ ಮಾಡುತ್ತಿದ್ದ ರಾಬರ್ಟ್‌ಸನ್, ಹೊಕ್ಕುಳಿನ ಹರ್ನಿಯಾ ಶಸ್ತ್ರಚಿಕಿತ್ಸೆಗೆಂದು 8 ದಿನ ಆಸ್ಪತ್ರೆ ಸೇರಿದ, ಎರಡು ವರ್ಷ ಐದು ತಿಂಗಳಿನ ಲಾರಾ ಎಂಬ ಬಾಲಿಕೆಯನ್ನು, ಬೇಕಾದ ದೃಶ್ಯಗಳನ್ನಷ್ಟೇ ಆರಿಸಿಕೊಂಡರೆಂಬ ಆಕ್ಷೇಪಕ್ಕೆ ಎಡೆಯಿಲ್ಲದಂತೆ, ಪ್ರತಿದಿನವೂ ನಿಯತವಾದ ವೇಳೆಯಲ್ಲಿ ಚಿತ್ರೀಕರಿಸಿದರು.

ಲಾರಾ ರಂಪ ಮಾಡುವವಳಲ್ಲ. ವಯಸ್ಸಿಗೆ ಮೀರಿದ ಸಂಯಮದ ಮಗು. ಅಮ್ಮ ಬೇಕೆಂದು ಆಗಾಗ ಮೆಲ್ಲನೆ ಹೇಳುತ್ತಾಳೆ, ಅಳುವನ್ನು ನುಂಗಿಕೊಂಡು ಕರಡಿಗೊಂಬೆಯನ್ನು ಅವುಚಿಕೊಳ್ಳುತ್ತಾಳೆ. ದಿನ ಕಳೆದಂತೆ, ತಾಯಿ ಬಂದಾಗಲೂ ಆ ಮುಖ ಅರಳದು. ಬಿಡುಗಡೆಯ ದಿನ ತನ್ನದಾದ ಹರಿದ ಪುಸ್ತಕವೊಂದನ್ನೂ ಅಲ್ಲಿ ಬಿಟ್ಟುಬರಲು ಒಪ್ಪಳು. ಆರು ತಿಂಗಳ ತರುವಾಯ ಆಕಸ್ಮಿಕವಾಗಿ ಆ ಚಿತ್ರ ಕಣ್ಣಿಗೆ ಬಿದ್ದಾಗಲಾದರೋ, ಅಷ್ಟು ದಿನ ಎಲ್ಲಿದ್ದೆಯೆಂದು ತಾಯಿಯನ್ನು ಕೇಳುತ್ತ ಬಿಕ್ಕಿ ಅತ್ತು, ಸಾಂತ್ವನಕ್ಕೆ ತಂದೆಯತ್ತ ತಿರುಗಿದಳು.

ಇಂತಹ ಮಕ್ಕಳಲ್ಲಿ ಮೊದಲು ಪ್ರತಿಭಟನೆ, ಬಳಿಕ ಹತಾಶೆ, ಕಡೆಗೆ ವಿಮುಖತೆ ಎಂಬ ಮೂರು ಅವಸ್ಥೆಗಳನ್ನು ರಾಬರ್ಟ್‌ಸನ್ ಗುರುತಿಸಿದರು. ಊಟ ಮಾಡುತ್ತ, ಆಟಿಕೆ ಕೊಟ್ಟರೆ ತೆಗೆದುಕೊಳ್ಳುತ್ತ, ಯಾರು ಕರೆದರೂ ಹೋಗುತ್ತ, ನೋಡುವವರಿಗೆ ಚೇತರಿಸಿಕೊಂಡಂತೆ ತೋರುವ ಮೂರನೆಯ ಅವಸ್ಥೆಯೇ ಎಲ್ಲಕ್ಕಿಂತ ಗಂಭೀರವಾದುದು. ನಾಳೆಯೆಂಬುದರ ಅರಿವಿಲ್ಲದ, ದುಃಖವನ್ನು ಮಾತಿನಲ್ಲಿ ಇಳಿಸಲಾರದ ವಯಸ್ಸಿಗೆ ಅಗಲಿಕೆಯೆಂದರೆ ಕೊನೆಯಿಲ್ಲದ ಅಗಲಿಕೆಯೇ. ವೈದ್ಯರು ಮೊದಮೊದಲು ಚಿತ್ರವನ್ನು ವಿರೋಧಿಸಿದರೂ, 1959ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ್ದ ಪ್ಲಾಟ್ ಸಮಿತಿಯು ತಾಯ್ತಂದೆಯರ ಭೇಟಿಗೆ ನಿರ್ಬಂಧವಿರಬಾರದೆಂದು ಶಿಫಾರಸು ಮಾಡಿತು.

ನಮ್ಮ ಆಸ್ಪತ್ರೆಗಳಲ್ಲಿ ತಾಯಿ ಮಗುವಿನ ಮಗ್ಗುಲಲ್ಲೇ ಮಲಗುವುದು ರೂಢಿ. ಅದು ನಮ್ಮ ಪುಣ್ಯ. ಆದರೆ ಅಗಲಿಕೆಗೆ ಆಸ್ಪತ್ರೆಯೇ ಬೇಕೆಂದಿಲ್ಲ. ಎರಡನೆಯ ಹೆರಿಗೆಯ ಕಾಲಕ್ಕೆ ದೊಡ್ಡ ಮಗುವನ್ನು ಒಂದು ಮಾತೂ ಹೇಳದೆ ಅಜ್ಜಿಯ ಮನೆಗೆ ಕಳುಹಿಸುತ್ತೇವೆ. ಹಿಂದಿರುಗಿದ ಮೇಲೆ ಅದು ಹಾಸಿಗೆ ಒದ್ದೆ ಮಾಡಿದರೆ, ಕಚ್ಚಿದರೆ, ಸೆರಗು ಬಿಡದಿದ್ದರೆ ಹಠವೆಂದು ಗದರುತ್ತೇವೆ. ಬಾಣಂತನದಲ್ಲಿ ಖಿನ್ನತೆಗೊಳಗಾದ ತಾಯಿಯ ಕೂಸಿಗೆ, ಆಕೆ ಎದುರಿಗಿದ್ದರೂ ದೂರವೇ. ಎರಡು ವರ್ಷದ ಮಗುವಿನ ರಂಪ ಸಹಜವಾದುದು, ಅದಕ್ಕೆ ಅಂಜಬೇಕಾಗಿಲ್ಲ. ವಾರಗಟ್ಟಲೆ ನಗದ, ಮುಖವನ್ನು ದಿಟ್ಟಿಸದ, ಕಲಿತ ಮಾತನ್ನು ಮರೆತ, ತೂಕ ಇಳಿಯುತ್ತಿರುವ ಮಗುವನ್ನಾದರೋ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು, ಜೊತೆಗೆ ತಾಯಿಯ ಮನಸ್ಸು ಹೇಗಿದೆಯೆಂದೂ ವಿಚಾರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ, ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವೇ ಇದೆ.