ಮೂಳೆಯ ಪ್ರಾಥಮಿಕ ಲಿಂಫೋಮಾ

ಮೂಳೆಯ ಪ್ರಾಥಮಿಕ ಲಿಂಫೋಮಾ ಎಂಬುದು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್ ಮೊದಲಿಗೆ ಮೂಳೆಯಲ್ಲಿಯೇ ಕಾಣಿಸಿಕೊಳ್ಳುವ ಅಪರೂಪದ ಕಾಯಿಲೆ. ಇದು ಮೂಳೆಯಲ್ಲಿ ಬೆಳೆದರೂ ಮೂಳೆಯ ಜೀವಕೋಶಗಳಿಂದ ಹುಟ್ಟುವುದಿಲ್ಲ. ಆದ್ದರಿಂದ ಗಡ್ಡೆಯಿರುವ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕುವುದು ಇದರ ಮುಖ್ಯ ಚಿಕಿತ್ಸೆಯಲ್ಲ. ಕೀಮೋಥೆರಪಿಯನ್ನು ನೀಡಿ, ಅಗತ್ಯವಿದ್ದಲ್ಲಿ ವಿಕಿರಣ ಚಿಕಿತ್ಸೆಯನ್ನೂ ಸೇರಿಸುವ ಮೂಲಕ ಹೆಚ್ಚಿನ ರೋಗಿಗಳಲ್ಲಿ ಕೈಕಾಲುಗಳನ್ನು ಉಳಿಸಿಕೊಂಡೇ ರೋಗವನ್ನು ಹತೋಟಿಗೆ ತರಲಾಗುತ್ತದೆ.

ಇತಿಹಾಸ

1928ರಲ್ಲಿ ಒಬರ್ಲಿಂಗ್ ಈ ಕಾಯಿಲೆಯನ್ನು ವಿವರಿಸಿದರು. 1939ರಲ್ಲಿ ಪಾರ್ಕರ್ ಮತ್ತು ಜಾಕ್ಸನ್ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿ ‘ರೆಟಿಕ್ಯುಲಮ್ ಸೆಲ್ ಸಾರ್ಕೋಮಾ’ ಎಂದು ಕರೆದರು. ಹಿಂದೆ ವಿಕಿರಣವನ್ನು ಮಾತ್ರ ನೀಡುವುದು ರೂಢಿಯಲ್ಲಿತ್ತು. ಇದರಿಂದ ಮೂಳೆಯಲ್ಲಿನ ಗಡ್ಡೆ ಕರಗಿದರೂ ಅನೇಕ ರೋಗಿಗಳಲ್ಲಿ ದೇಹದ ಬೇರೆ ಭಾಗಗಳಲ್ಲಿ ರೋಗ ಮರುಕಳಿಸುತ್ತಿತ್ತು.

ಲಕ್ಷಣಗಳು ಮತ್ತು ರೋಗನಿರ್ಣಯ

ತೊಡೆಯ ಮೂಳೆಯಲ್ಲಿ ಈ ರೋಗ ಹೆಚ್ಚಾಗಿ ಕಂಡುಬರುತ್ತದೆ. ವಿಶ್ರಾಂತಿಯಿಂದಲೂ ಶಮನವಾಗದ ನೋವು, ಊತ ಹಾಗೂ ಅಲ್ಪ ಪೆಟ್ಟಿಗೇ ಮೂಳೆ ಮುರಿಯುವುದು ಇದರ ಲಕ್ಷಣಗಳು. ಆರಂಭದಲ್ಲಿ ಎಕ್ಸ್-ರೇ ಸಹಜವಾಗಿಯೇ ಕಾಣಬಹುದಾದ್ದರಿಂದ ರೋಗನಿರ್ಣಯ ತಡವಾಗುವ ಸಾಧ್ಯತೆಯಿದೆ. ಎಂಆರ್‌ಐ ಮೂಳೆಮಜ್ಜೆಯಲ್ಲಿನ ಬದಲಾವಣೆಯನ್ನು ತೋರಿಸುತ್ತದೆ. ಬಯಾಪ್ಸಿಯಿಂದ ರೋಗ ಖಚಿತವಾಗುತ್ತದೆ. ಸ್ಟೀರಾಯ್ಡ್ ಔಷಧಿಗಳು ಲಿಂಫೋಮಾವನ್ನು ತಾತ್ಕಾಲಿಕವಾಗಿ ಕುಗ್ಗಿಸಿ ಬಯಾಪ್ಸಿಯ ಫಲಿತಾಂಶವನ್ನು ಅಸ್ಪಷ್ಟಗೊಳಿಸಬಲ್ಲವು. ಆದ್ದರಿಂದ ಸಾಧ್ಯವಾದಷ್ಟು ಮಟ್ಟಿಗೆ ಬಯಾಪ್ಸಿಗೆ ಮುನ್ನ ಅವುಗಳನ್ನು ನೀಡುವುದಿಲ್ಲ. ರೋಗ ಎಷ್ಟರಮಟ್ಟಿಗೆ ಹರಡಿದೆ ಎಂಬುದನ್ನು ಪೆಟ್-ಸಿಟಿ ಸ್ಕ್ಯಾನ್ ತಿಳಿಸುತ್ತದೆ.

ಚಿಕಿತ್ಸೆ

ಬಹುಪಾಲು ರೋಗಿಗಳಲ್ಲಿ ಕಂಡುಬರುವ ಬಗೆ ‘ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ’. ಇದಕ್ಕೆ ‘ಆರ್-ಚಾಪ್’ ಎಂಬ ಔಷಧ ಸಂಯೋಜನೆಯನ್ನು ಸಾಮಾನ್ಯವಾಗಿ 21 ದಿನಗಳಿಗೊಮ್ಮೆ ನೀಡಲಾಗುತ್ತದೆ. ಇದರಲ್ಲಿ ಐದು ಔಷಧಿಗಳಿವೆ:

• ರಿಟುಕ್ಸಿಮ್ಯಾಬ್: ಕ್ಯಾನ್ಸರ್ ಕಣಗಳ ಮೇಲ್ಮೈಯಲ್ಲಿರುವ ಸಿಡಿ20 ಪ್ರೋಟೀನಿಗೆ ಅಂಟಿಕೊಳ್ಳುವ ಪ್ರತಿಕಾಯ
• ಸೈಕ್ಲೋಫಾಸ್ಫಮೈಡ್ ಮತ್ತು ಡಾಕ್ಸೊರುಬಿಸಿನ್: ಕ್ಯಾನ್ಸರ್ ಕಣಗಳ ಡಿಎನ್‌ಎಗೆ ಹಾನಿ ಮಾಡುವ ಔಷಧಿಗಳು
• ವಿನ್‌ಕ್ರಿಸ್ಟಿನ್: ಕಣವಿಭಜನೆಯನ್ನು ತಡೆಯುವ ಔಷಧಿ
• ಪ್ರೆಡ್ನಿಸೊಲೋನ್: ಲಿಂಫೋಸೈಟ್‌ಗಳನ್ನು ನಾಶಪಡಿಸುವ ಸ್ಟೀರಾಯ್ಡ್

ರಕ್ತದ ಮೂಲಕ ಸಂಚರಿಸುವ ಈ ಔಷಧಿಗಳು ಸ್ಕ್ಯಾನ್‌ನಲ್ಲಿ ಕಾಣದ ಕ್ಯಾನ್ಸರ್ ಕಣಗಳನ್ನೂ ತಲುಪುತ್ತವೆ. ವಿಕಿರಣವು ರೋಗ ಮೊದಲು ಕಾಣಿಸಿಕೊಂಡ ಮೂಳೆಯಲ್ಲಿ ಉಳಿದಿರಬಹುದಾದ ಕಣಗಳನ್ನು ನಾಶಪಡಿಸುತ್ತದೆ. ಇದನ್ನು ಸಾಮಾನ್ಯವಾಗಿ ಕೀಮೋಥೆರಪಿ ಮುಗಿದ ನಂತರ ಆರಂಭಿಸಿ, ಒಟ್ಟು 30ರಿಂದ 40 ಗ್ರೇ ಪ್ರಮಾಣವನ್ನು ಹಲವು ವಾರಗಳಲ್ಲಿ ಹಂಚಿ ನೀಡಲಾಗುತ್ತದೆ. ಕೀಮೋಥೆರಪಿಯಿಂದಲೇ ರೋಗದ ಕುರುಹು ಸಂಪೂರ್ಣ ಮಾಯವಾದವರಿಗೂ ವಿಕಿರಣ ಬೇಕೇ ಎಂಬ ವಿಷಯದಲ್ಲಿ ತಜ್ಞರಲ್ಲಿ ಒಮ್ಮತವಿಲ್ಲ.

ಮೂಳೆ ಮುರಿದಿದ್ದರೆ ಅಥವಾ ಮುರಿಯುವ ಸ್ಥಿತಿಯಲ್ಲಿದ್ದರೆ ಲೋಹದ ಸರಳು ಅಳವಡಿಸುವ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಅಡ್ಡಪರಿಣಾಮಗಳು

ಕೂದಲು ಉದುರುವುದು, ವಾಕರಿಕೆ, ಬಿಳಿ ರಕ್ತಕಣಗಳು ಕಡಿಮೆಯಾಗಿ ಸೋಂಕು ತಗಲುವುದು ಸಾಮಾನ್ಯ. ಚಿಕಿತ್ಸೆಯ ಅವಧಿಯಲ್ಲಿ ಜ್ವರ ಬಂದರೆ ಅದನ್ನು ತುರ್ತುಸ್ಥಿತಿಯೆಂದು ಪರಿಗಣಿಸಬೇಕು. ಡಾಕ್ಸೊರುಬಿಸಿನ್ ಹೃದಯವನ್ನು ದುರ್ಬಲಗೊಳಿಸಬಲ್ಲದು. ವಿನ್‌ಕ್ರಿಸ್ಟಿನ್‌ನಿಂದ ಕೈಕಾಲು ಜೋಮು ಹಿಡಿಯಬಹುದು. ರಿಟುಕ್ಸಿಮ್ಯಾಬ್ ಸುಪ್ತವಾಗಿರುವ ಹೆಪಟೈಟಿಸ್-ಬಿ ಸೋಂಕನ್ನು ಮತ್ತೆ ಕೆರಳಿಸಬಹುದಾದ್ದರಿಂದ ಮುಂಚಿತವಾಗಿ ರಕ್ತಪರೀಕ್ಷೆ ಮಾಡಲಾಗುತ್ತದೆ. ವಿಕಿರಣ ಪಡೆದ ಮೂಳೆ ವರ್ಷಗಳ ನಂತರವೂ ಮುರಿಯುವ ಅಪಾಯವಿದೆ.

ಚಿಕಿತ್ಸೆಯ ನಂತರ

ಒಂದೇ ಮೂಳೆಗೆ ಸೀಮಿತವಾದ ರೋಗದಲ್ಲಿ ಗುಣಮುಖರಾಗುವ ಸಾಧ್ಯತೆ ಹೆಚ್ಚು. ರೋಗ ವಾಸಿಯಾದರೂ ಮೂಳೆ ದುರಸ್ತಿಯಾಗುವವರೆಗೆ ಎಂಆರ್‌ಐನಲ್ಲಿ ಬದಲಾವಣೆಗಳು ಬಹುಕಾಲ ಉಳಿಯಬಹುದು. ಆದ್ದರಿಂದ ಚಿಕಿತ್ಸೆಯ ಫಲವನ್ನು ಅಳೆಯಲು ಪೆಟ್-ಸಿಟಿ ಹೆಚ್ಚು ಉಪಯುಕ್ತವಾಗಿದೆ.