ಕಾರಿನ ಮೂಗಿಗೆ ಬಾಗಿಲು

ಪೀಣ್ಯದ ವರ್ಕ್‌ಶಾಪಿನಲ್ಲಿ 30 ವರ್ಷ ಲೇತ್ ಮುಂದೆ ನಿಂತವನು ನಾನು. ಸದ್ದು ಕೇಳಿಯೇ ಯಂತ್ರದ ಕಾಯಿಲೆ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಅದು ಇಳಿಯಿತು.

ಮಗಳ ಹೊಸ ಕಾರಿನಲ್ಲಿ ರಾಜಾಜಿನಗರದಿಂದ ತುಮಕೂರಿಗೆ ಹೊರಟಿದ್ದೆವು. ಎಂಜಿನ್ ಆಗಷ್ಟೇ ಚಾಲೂ ಆಗಿತ್ತು. ಮುಂದಿನ ಜಾಲರಿಯೊಳಗೆ ಬಗ್ಗಿ ನೋಡಿದರೆ ಕಪ್ಪು ಪಟ್ಟಿಗಳೆಲ್ಲ ಮುಚ್ಚಿಕೊಂಡಿವೆ! ‘ರೇಡಿಯೇಟರಿಗೆ ಗಾಳಿಯೇ ಇಲ್ಲ, ದಾರೀಲಿ ಕಾದು ನಿಂತುಬಿಡುತ್ತೆ’ ಎನ್ನುತ್ತಾ ಸ್ಕ್ರೂಡ್ರೈವರ್ ತಂದು ಪಟ್ಟಿ ಎತ್ತಲು ಹೋದೆ.

‘ತಾತ, ಬೇಡ! ಮುರಿದುಹೋಗುತ್ತೆ. ಬೆರಳೂ ಸಿಕ್ಕಿಕೊಳ್ಳುತ್ತೆ!’ ಏಳನೇ ತರಗತಿಯ ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು. ಕಾರಿನ ಕೈಪಿಡಿಯನ್ನು ಪೂರ್ತಿ ಓದಿದ್ದಳಂತೆ. ಅದರ ಹೆಸರು ಆಕ್ಟಿವ್ ಗ್ರಿಲ್ ಶಟರ್.

ಮಕ್ಕಳೇ, ಅವಳು ಹೇಳಿದ್ದು ಇಷ್ಟು. ತಣ್ಣಗಿರುವ ಎಂಜಿನ್ನಿನಲ್ಲಿ ಆಯಿಲ್ ಗಟ್ಟಿಯಾಗಿರುತ್ತದೆ, ಪೆಟ್ರೋಲ್ ಹೆಚ್ಚು ಬೇಕು. ಒಳಗಿನ ನೀರು ಸುಮಾರು 90 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಎಂಜಿನ್ ಹದಕ್ಕೆ ಬರುತ್ತದೆ. ಅದಕ್ಕೇ ಮೊದಲು ಪಟ್ಟಿಗಳು ಮುಚ್ಚಿಕೊಂಡು ತಣ್ಣನೆ ಗಾಳಿ ತಡೆಯುತ್ತವೆ. ನಾವು ಚಳಿಗೆ ಕಿಟಕಿ ಹಾಕಿಕೊಂಡಂತೆ. ಎಂಜಿನ್ ಬಿಸಿಯೇರಿದರೆ, ಏಸಿಗೆ ಗಾಳಿ ಬೇಕಾದರೆ, ಕಾರಿನ ಕಂಪ್ಯೂಟರ್ ಪುಟ್ಟ ಮೋಟಾರಿಗೆ ಅಪ್ಪಣೆ ಕೊಡುತ್ತದೆ. ಪಟ್ಟಿಗಳು ತೆರೆದುಕೊಳ್ಳುತ್ತವೆ.

ಹೆದ್ದಾರಿಯಲ್ಲಿ ಇನ್ನೊಂದು ಲಾಭ. ವೇಗ 40 ಕಿಲೋಮೀಟರಿನಿಂದ 80ಕ್ಕೆ ಏರಿದರೆ ಗಾಳಿಯ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಜಾಲರಿಯೊಳಗೆ ನುಗ್ಗುವ ಗಾಳಿಯೂ ಕಾರನ್ನು ಹಿಂದಕ್ಕೆ ತಳ್ಳುತ್ತದೆ. ಹೆಚ್ಚು ತಂಪು ಬೇಡವಾದಾಗ ಪಟ್ಟಿ ಮುಚ್ಚಿದರೆ ಗಾಳಿ ಕಾರಿನ ಮೇಲೂ ಪಕ್ಕದಲ್ಲೂ ಜಾರಿಹೋಗುತ್ತದೆ. ಪೆಟ್ರೋಲ್ ಉಳಿಯುತ್ತದೆ.

ಉಪಾಯ ಮಾತ್ರ ಹಳೆಯದು. 1920ರ ದಶಕದ ಕೆಲವು ರೋಲ್ಸ್ ರಾಯ್ಸ್ ಕಾರುಗಳ ರೇಡಿಯೇಟರ್ ಮುಂದೆಯೂ ಇಂಥ ಪಟ್ಟಿಗಳಿದ್ದವು. ಚಾಲಕನೇ ಕೈಯಿಂದ ತೆರೆದು ಮುಚ್ಚಬೇಕಿತ್ತು.

ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ತೆವಳಿ, ಪೀಣ್ಯದ ಪೆಟ್ರೋಲ್ ಬಂಕಿಗೆ ಬಂದೆವು. ಇಳಿದು ನೋಡಿದೆ. ಪಟ್ಟಿಗಳು ತೆರೆದಿದ್ದವು! ‘ನೋಡಿದ್ಯಾ ತಾತ?’ ಎಂದಳು. ಒಪ್ಪಿಕೊಂಡೆ.

‘ಆದ್ರೆ ಮೋಟಾರೇ ಕೆಟ್ಟರೆ?’ ಈಗ ಅವಳಿಗೇ ಅನುಮಾನ.

ಇದಕ್ಕೆ ಉತ್ತರ ನನ್ನ ಬಳಿ ಇತ್ತು. ನಮ್ಮ ವರ್ಕ್‌ಶಾಪಿನ ಪ್ರೆಸ್ ಯಂತ್ರದಲ್ಲಿ ಕರೆಂಟು ಹೋದರೆ ಸ್ಪ್ರಿಂಗ್ ತಾನೇ ಬ್ರೇಕ್ ಹಿಡಿಯುತ್ತಿತ್ತು, ಕೆಲಸಗಾರನ ಕೈ ಉಳಿಯಲೆಂದು. ಹಲವು ಕಾರುಗಳ ಶಟರಿನಲ್ಲೂ ಅದೇ ಬುದ್ಧಿ ಬಳಸಿದ್ದಾರೆ: ಮೋಟಾರ್ ಸೋತರೆ ಪಟ್ಟಿಗಳು ತೆರೆದುಕೊಂಡೇ ಉಳಿಯುತ್ತವೆ. ಪೆಟ್ರೋಲ್ ಸ್ವಲ್ಪ ಹೆಚ್ಚು ಖರ್ಚಾದೀತು, ಎಂಜಿನ್ ಸುಡುವುದಿಲ್ಲ.

‘ಕೆಟ್ಟರೂ ಯಾರಿಗೂ ಕೇಡಾಗದ ಹಾಗೆ ಕೆಡಬೇಕು ಪುಟ್ಟಿ, ಅದೇ ಒಳ್ಳೇ ಯಂತ್ರ’ ಎಂದೆ.

‘ಇದು ಕೈಪಿಡೀಲಿ ಇರಲಿಲ್ಲ ತಾತ’ ಎಂದು ಅವಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು. ನಾನು ಸ್ಕ್ರೂಡ್ರೈವರನ್ನು ಡಿಕ್ಕಿಯೊಳಗಿಟ್ಟೆ.